ಚೆಸ್ಟರ್ ಕಾರ್ಲ್‌ಸನ್ ಹಿಡಿದ ಹಠ

ಬೆಂಗಳೂರಿನ ನ್ಯಾಯಾಲಯಗಳ ಸುತ್ತಮುತ್ತ, ಉಪನೋಂದಣಾಧಿಕಾರಿಗಳ ಕಚೇರಿಗಳ ಎದುರು, ಕಾಲೇಜುಗಳ ಗೇಟಿನ ಪಕ್ಕ ಜೆರಾಕ್ಸ್ ಅಂಗಡಿಯಿಲ್ಲದ ಜಾಗವನ್ನು ಹುಡುಕುವುದು ಕಷ್ಟ. ಕ್ರಯಪತ್ರ, ಖಾತೆ ಪತ್ರ, ಅಂಕಪಟ್ಟಿ, ಪರೀಕ್ಷೆಯ ಹಿಂದಿನ ದಿನ ಕೈಯಿಂದ ಕೈಗೆ ದಾಟುವ ನೋಟ್ಸು, ಎಲ್ಲವೂ ಅಲ್ಲಿಯ ಯಂತ್ರದ ಗಾಜಿನ ಮೇಲೆ ಒಮ್ಮೆ ಮಲಗಿ ಏಳುತ್ತವೆ. ಈ ಊರಿನಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಸ್ಥಾಯೀ ವಿದ್ಯುತ್ತಿನ ಪಾಠ ಬಂದಾಗಲೆಲ್ಲ ಈ ಯಂತ್ರದ ಹಿಂದಿರುವ ಚೆಸ್ಟರ್ ಕಾರ್ಲ್‌ಸನ್ ನೆನಪಾಗುತ್ತಾರೆ. ನಾನು ಮನಸಾರೆ ಗೌರವಿಸುವ ಆವಿಷ್ಕಾರಕರಲ್ಲಿ ಅವರೇ ಮೊದಲಿಗರು. ಸೋಲನ್ನು ಸಹಿಸಿದವರು ಎಷ್ಟೋ ಮಂದಿ ಇದ್ದಾರೆ. ತತ್ತ್ವ ಸರಿಯೆಂದು ಕಣ್ಣಾರೆ ಕಂಡ ಮೇಲೂ ಅದು ಬಳಕೆಗೆ ಬರುವವರೆಗೆ 21 ವರ್ಷ ಅದನ್ನು ಕೈಬಿಡದೆ ಕಾಪಾಡಿದವರು ವಿರಳ.

ಕಾರ್ಲ್‌ಸನ್ 1906ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದರು. ತಂದೆ ಕ್ಷೌರಿಕರಾಗಿದ್ದು, ಕ್ಷಯ ಮತ್ತು ಸಂಧಿವಾತದಿಂದ ದುಡಿಯಲಾಗದ ಸ್ಥಿತಿ ತಲುಪಿದ್ದರು. ತಾಯಿ ಕ್ಷಯದಿಂದಲೇ ತೀರಿಕೊಂಡಾಗ ಹುಡುಗನಿಗೆ 17 ವರ್ಷ. ಸಾಲ ಮಾಡಿ ಕ್ಯಾಲ್‌ಟೆಕ್‌ನಲ್ಲಿ ಭೌತಶಾಸ್ತ್ರ ಓದಿ 1930ರಲ್ಲಿ ಪದವಿ ಪಡೆದು ಹೊರಬಂದರೆ ಆರ್ಥಿಕ ಮಹಾಕುಸಿತ; 82 ಕಂಪನಿಗಳಿಗೆ ಬರೆದ ಅರ್ಜಿಗಳಲ್ಲಿ ಒಂದೂ ಫಲಿಸಲಿಲ್ಲ. ಕೊನೆಗೆ ನ್ಯೂಯಾರ್ಕಿನಲ್ಲಿ ಪೇಟೆಂಟ್ ವಿಭಾಗದ ಕೆಲಸ ದೊರೆಯಿತು. ಅಲ್ಲಿ ಪೇಟೆಂಟ್ ದಾಖಲೆಗಳ ಪ್ರತಿಗಳು ಸದಾ ಬೇಕು, ಅವು ಎಂದೂ ಸಾಕಾಗುತ್ತಿರಲಿಲ್ಲ. ಮರಳಿ ಟೈಪ್ ಮಾಡಿಸಬೇಕು, ಇಲ್ಲವೇ ದುಬಾರಿಯ ಫೋಟೊ ತೆಗೆಸಬೇಕು. ರಾತ್ರಿ ಕಾನೂನು ಓದುತ್ತಿದ್ದ ಅವರಿಗೆ ಪುಸ್ತಕ ಕೊಳ್ಳುವ ಶಕ್ತಿಯಿರಲಿಲ್ಲ. ಬೆನ್ನುಮೂಳೆಯ ಸಂಧಿವಾತದ ನೋವಿನಲ್ಲೇ ಗ್ರಂಥಾಲಯದಲ್ಲಿ ಕುಳಿತು ಪುಟಗಟ್ಟಲೆ ಕೈಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದರು.

ಅದೇ ಗ್ರಂಥಾಲಯದಲ್ಲಿ ಅವರು ಹಂಗರಿಯ ಭೌತವಿಜ್ಞಾನಿ ಪಾಲ್ ಸೆಲೆನ್ಯಿಯವರ ಲೇಖನಗಳನ್ನು ಓದಿದರು. ವಿದ್ಯುದಾವೇಶದಿಂದ ಚಿತ್ರ ಮೂಡಿಸಬಹುದೆಂಬ ಸುಳಿವು ಅಲ್ಲಿತ್ತು. ಕಾರ್ಲ್‌ಸನ್ ಅದಕ್ಕೆ ಇನ್ನೊಂದು ಗುಣವನ್ನು ಜೋಡಿಸಿದರು. ಗಂಧಕದಂಥ ಕೆಲವು ವಸ್ತುಗಳು ಕತ್ತಲಲ್ಲಿ ವಿದ್ಯುತ್ ನಿರೋಧಕಗಳು. ಬೆಳಕು ಬಿದ್ದಾಗ ಅದರ ಶಕ್ತಿಯಿಂದ ಎಲೆಕ್ಟ್ರಾನುಗಳು ಬಿಡುಗಡೆಯಾಗಿ, ಅವು ಆ ಹೊತ್ತಿಗೆ ವಾಹಕಗಳಾಗುತ್ತವೆ. ಇದಕ್ಕೆ ದ್ಯುತಿವಾಹಕತೆ ಎನ್ನುತ್ತಾರೆ. ಲೋಹದ ತಟ್ಟೆಗೆ ಗಂಧಕ ಬಳಿದು, ಅದರ ಮೇಲ್ಮೈಗೆ ಕತ್ತಲಲ್ಲಿ ಆವೇಶ ತುಂಬಿ, ಬರಹದ ನೆರಳನ್ನು ಅದರ ಮೇಲೆ ಬೀಳಿಸಿದರೆ, ಬೆಳಕು ತಾಗಿದೆಡೆಯ ಆವೇಶ ಕೆಳಗಿನ ಲೋಹಕ್ಕೆ ಸೋರಿಹೋಗುತ್ತದೆ. ಅಕ್ಷರಗಳ ನೆರಳಿನಲ್ಲಿದ್ದ ಆವೇಶ ಮಾತ್ರ ಉಳಿಯುತ್ತದೆ. ಕಣ್ಣಿಗೆ ಕಾಣದ ಆ ಬರಹದ ಮೇಲೆ ಪುಡಿ ಉದುರಿಸಿದರೆ, ತಲೆ ಬಾಚಿದ ಹಣಿಗೆಗೆ ಕಾಗದದ ಚೂರುಗಳು ಅಂಟುವ ಹಾಗೆ ಅದು ಅಕ್ಷರಗಳಿಗಷ್ಟೇ ಅಂಟುತ್ತದೆ. ರಾಸಾಯನಿಕ ದ್ರಾವಣವಿಲ್ಲ, ಫಿಲ್ಮಿಲ್ಲ, ಒದ್ದೆಯಿಲ್ಲ. ಶಾಲೆಯ ಭೌತಶಾಸ್ತ್ರಕ್ಕೆ ನಿಲುಕುವ ಎರಡು ಸಂಗತಿಗಳನ್ನು ಕೂಡಿಸಿದ ಈ ಯೋಚನೆಯ ಚೆಲುವು ಎಷ್ಟು ಸಲ ಪಾಠ ಮಾಡಿದರೂ ನನಗೆ ಹಳತಾಗಿಲ್ಲ.

1937ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. ಪ್ರಯೋಗಗಳು ಮೊದಲು ಮನೆಯ ಅಡುಗೆಮನೆಯಲ್ಲೇ ನಡೆದವು. ಕರಗಿದ ಗಂಧಕದ ದುರ್ನಾತ ಅಕ್ಕಪಕ್ಕದವರಿಗೂ ತಲುಪುತ್ತಿತ್ತು. ಬಳಿಕ ನ್ಯೂಯಾರ್ಕಿನ ಆಸ್ಟೋರಿಯಾದಲ್ಲಿ ಚಿಕ್ಕ ಕೋಣೆಯೊಂದನ್ನು ಹಿಡಿದು, ಆಸ್ಟ್ರಿಯಾದಿಂದ ವಲಸೆ ಬಂದಿದ್ದ ಭೌತವಿಜ್ಞಾನಿ ಒಟ್ಟೊ ಕೊರ್ನೈ ಅವರನ್ನು ನೆರವಿಗೆ ಕರೆದುಕೊಂಡರು. 1938ರ ಅಕ್ಟೋಬರ್ 22ರಂದು ಕೊರ್ನೈ ಗಾಜಿನ ಸ್ಲೈಡಿನ ಮೇಲೆ ಆ ದಿನದ ತಾರೀಖನ್ನೂ ಊರಿನ ಹೆಸರನ್ನೂ ಬರೆದರು. ಗಂಧಕ ಬಳಿದ ಸತುವಿನ ತಟ್ಟೆಯನ್ನು ಕರವಸ್ತ್ರದಿಂದ ಉಜ್ಜಿ ಆವೇಶ ತುಂಬಿ, ಸ್ಲೈಡನ್ನು ಅದರ ಮೇಲಿಟ್ಟು ಕೆಲವು ಸೆಕೆಂಡು ಪ್ರಖರ ದೀಪದ ಬೆಳಕು ಹಾಯಿಸಿ, ಲೈಕೊಪೋಡಿಯಂ ಎಂಬ ಸಸ್ಯದ ನುಣುಪು ಪುಡಿಯನ್ನು ಉದುರಿಸಿ ಊದಿದಾಗ ಅಕ್ಷರಗಳು ಉಳಿದವು. ಅವನ್ನು ಮೇಣದ ಕಾಗದಕ್ಕೆ ಒತ್ತಿ ಇಳಿಸಿಕೊಂಡರು.

ಆದರೆ ಆ ಪ್ರತಿ ಮಸುಕಾಗಿತ್ತು. ಕೊರ್ನೈ ನಿರಾಶರಾಗಿ ವರ್ಷದೊಳಗೆ ಬೇರೆ ಕೆಲಸಕ್ಕೆ ಹೊರಟುಹೋದರು. 1939ರಿಂದ 1944ರವರೆಗೆ ಐಬಿಎಂ, ಜನರಲ್ ಎಲೆಕ್ಟ್ರಿಕ್, ಆರ್‌ಸಿಎ, ಕೊಡಾಕ್ ಸೇರಿದಂತೆ 20ಕ್ಕೂ ಹೆಚ್ಚು ಸಂಸ್ಥೆಗಳು ಕಾರ್ಲ್‌ಸನ್‌ರನ್ನು ವಾಪಸು ಕಳಿಸಿದವು. ಈ ನಡುವೆ 1942ರಲ್ಲಿ ಪೇಟೆಂಟ್ ಮಾತ್ರ ಕೈಗೆ ಬಂತು. ನಿರಾಕರಿಸಿದವರನ್ನು ಮೂರ್ಖರೆನ್ನಲು ನನಗೆ ಮನಸ್ಸಿಲ್ಲ. ಗಂಧಕಕ್ಕೆ ಬೆಳಕಿನ ಸಂವೇದನೆ ಕಡಿಮೆ, ಕರವಸ್ತ್ರದ ಉಜ್ಜುವಿಕೆಯಿಂದ ಸಿಗುವ ಆವೇಶ ಎಲ್ಲೆಡೆ ಸಮನಾಗಿರುವುದಿಲ್ಲ, ಪುಡಿಯೂ ಸರಿಯಾಗಿ ಹಿಡಿಯುವುದಿಲ್ಲ. ತತ್ತ್ವವೊಂದನ್ನು ಬಿಟ್ಟರೆ ಅಲ್ಲಿದ್ದ ಪ್ರತಿಯೊಂದು ಭಾಗವೂ ದುರ್ಬಲವಾಗಿತ್ತು. ಭಾಗಗಳ ಸೋಲನ್ನು ತತ್ತ್ವದ ಸೋಲೆಂದು ಎಣಿಸದಿರುವುದೇ ಕಾರ್ಲ್‌ಸನ್‌ರ ದೊಡ್ಡತನ, ಮತ್ತು ಅದು ಬರಿಯ ಮೊಂಡುತನವಲ್ಲ, ವೈಜ್ಞಾನಿಕ ವಿವೇಕ.

1944ರಲ್ಲಿ ಒಹಾಯೊದ ಬ್ಯಾಟೆಲ್ ಸಂಶೋಧನಾ ಸಂಸ್ಥೆ ಆಸಕ್ತಿ ತೋರಿದಾಗ ಅವರು ತಮ್ಮ ಕೂಸನ್ನು ಇತರರ ಕೈಗೆ ಒಪ್ಪಿಸಲು ಹಿಂಜರಿಯಲಿಲ್ಲ. ಆ ದಿನಗಳಲ್ಲೇ ಅವರ ದಾಂಪತ್ಯ ಮುರಿದುಬಿದ್ದಿತ್ತು. ಬ್ಯಾಟೆಲ್‌ನವರು ಗಂಧಕದ ಜಾಗಕ್ಕೆ ಹೆಚ್ಚು ಬೆಳಕುಗ್ರಾಹಿಯಾದ ಸೆಲೆನಿಯಂ ತಂದರು. ಕರವಸ್ತ್ರದ ಬದಲು, ಸಾವಿರಾರು ವೋಲ್ಟ್ ಹರಿಸಿದ ತೆಳು ತಂತಿಯ ಸುತ್ತ ಗಾಳಿ ಅಯಾನುಗಳಾಗಿ ಒಡೆದು ಮೇಲ್ಮೈಗೆ ಸಮನಾದ ಆವೇಶ ಹರಡುವ ವ್ಯವಸ್ಥೆ ಬಂತು. ಉತ್ತಮ ಪುಡಿಯೂ ಸಿದ್ಧವಾಯಿತು. 1947ರಲ್ಲಿ ರಾಚೆಸ್ಟರ್‌ನ ಹ್ಯಾಲಾಯ್ಡ್ ಎಂಬ ಸಣ್ಣ ಕಂಪನಿ ಪರವಾನಗಿ ಪಡೆಯಿತು. 1949ರಲ್ಲಿ ಅದು ತಂದ ಮೊದಲ ಯಂತ್ರದಲ್ಲಿ ಎಲ್ಲವನ್ನೂ ಕೈಯಿಂದಲೇ ಮಾಡಬೇಕಿತ್ತು, ಒಂದು ಪ್ರತಿಗೆ 39 ಹಂತ. ಕಚೇರಿಗಳು ಅದನ್ನು ಒಪ್ಪಲಿಲ್ಲ. ಆಫ್‌ಸೆಟ್ ಮುದ್ರಣದ ಅಚ್ಚುಹಾಳೆ ತಯಾರಿಸಲು ಅದು ಉಪಯೋಗಕ್ಕೆ ಬಂದದ್ದರಿಂದ ಕಂಪನಿ ಉಸಿರಾಡಿತು.

1959ರಲ್ಲಿ, ಮುಂದೆ ಜೆರಾಕ್ಸ್ ಎಂದೇ ಹೆಸರಾದ ಇದೇ ಹ್ಯಾಲಾಯ್ಡ್‌ನಿಂದ ಜೆರಾಕ್ಸ್ 914 ಯಂತ್ರ ಬಂತು. ಸುಮಾರು 294 ಕಿಲೊ ತೂಕ, ನಿಮಿಷಕ್ಕೆ ಏಳು ಪ್ರತಿ, ಗುಂಡಿಯೊಂದನ್ನು ಒತ್ತಿದರೆ ಸಾಮಾನ್ಯ ಕಾಗದದ ಮೇಲೆ ನಕಲು. ಕಂಪನಿ ಅದನ್ನು ತಿಂಗಳಿಗೆ 95 ಡಾಲರ್ ಬಾಡಿಗೆಗೆ ಕೊಟ್ಟು, ನಿಗದಿಯಾದ ಸಂಖ್ಯೆ ಮೀರಿದ ಮೇಲೆ ಪ್ರತಿಯೊಂದಕ್ಕೂ ಹಣ ಪಡೆಯಿತು. ನಮ್ಮ ಅವೆನ್ಯೂ ರಸ್ತೆಯ ಅಂಗಡಿಯಲ್ಲಿ ಪುಟಕ್ಕಿಷ್ಟು ಎಂದು ಎಣಿಸಿ ಕೊಡುವ ಲೆಕ್ಕದ ಜಾಡು ಅಲ್ಲಿಯೂ ಇದೆ. ಸೆಲೆನಿಯಂ ಬದಲು ಇಂದು ಸಾವಯವ ದ್ಯುತಿವಾಹಕಗಳಿವೆ, ದೀಪದ ಜಾಗದಲ್ಲಿ ಲೇಸರ್ ಇದೆ. ಆವೇಶ ತುಂಬು, ಬೆಳಕು ಹಾಯಿಸು, ಪುಡಿ ಹಿಡಿಸು, ಕಾಗದಕ್ಕೆ ಇಳಿಸು ಎಂಬ ಸರಣಿ ಬದಲಾಗಿಲ್ಲ.

ಹಣ ಹೊಳೆಯಾಗಿ ಬಂದಾಗ ಕಾರ್ಲ್‌ಸನ್ ಅದರ ಬಹುಪಾಲನ್ನು, ಸುಮಾರು 10 ಕೋಟಿ ಡಾಲರ್‌ಗಳಷ್ಟನ್ನು, ದಾನವಾಗಿ ಹಂಚಿ 1968ರಲ್ಲಿ ತೀರಿಕೊಂಡರು. ಒಪ್ಪಂದವನ್ನು ಮುರಿದುಕೊಂಡು ಹೋಗಿದ್ದ ಕೊರ್ನೈ ಅವರಿಗೆ ಮುಂದಿನ ಲಾಭದಲ್ಲಿ ಯಾವ ಹಕ್ಕೂ ಉಳಿದಿರಲಿಲ್ಲ. ಆದರೂ ಕಾರ್ಲ್‌ಸನ್ ತಾವಾಗಿಯೇ ಅವರಿಗೆ ಜೆರಾಕ್ಸ್ ಕಂಪನಿಯ 100 ಷೇರುಗಳನ್ನು ಕಳಿಸಿಕೊಟ್ಟರು.