ಔಟ್‌ಸ್ಟ್ಯಾಂಡಿಂಗ್ ಸ್ಟೂಡೆಂಟ್ ಲೀಡರ್: ಕಮ್ಯುನಿಟಿ ಕಾಲೇಜಿನ ಒಂದು ಮನ್ನಣೆಯ ಅರ್ಥ

ಕಳೆದ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದಳು. ಅವಳ ಕೈಯಲ್ಲಿ ಚೌಕಟ್ಟು ಹಾಕಿದ ಪ್ರಮಾಣಪತ್ರ, ಅದರ ಮೇಲೆ ‘ಔಟ್‌ಸ್ಟ್ಯಾಂಡಿಂಗ್ ಸ್ಟೂಡೆಂಟ್ ಲೀಡರ್’ ಎಂಬ ಮೂರು ಪದ, ಕೆಳಗೆ ಅವಳು ಓದುತ್ತಿದ್ದ ಕಮ್ಯುನಿಟಿ ಕಾಲೇಜಿನ ಮುದ್ರೆ. ಅರಸೀಕೆರೆಯಿಂದ ದೊಡ್ಡಪ್ಪನ ವಾಯ್ಸ್ ಮೆಸೇಜ್ ತಕ್ಷಣವೇ ಬಂತು: “ಭಾಳ ಸಂತೋಷ ಕಣಮ್ಮ. ಯಾವ ಎಲೆಕ್ಷನ್ನಿಗೆ ನಿಂತಿದ್ದೆ?”

ಅವಳು ಯಾವ ಚುನಾವಣೆಗೂ ನಿಂತಿರಲಿಲ್ಲ. ಆದರೆ ದೊಡ್ಡಪ್ಪನ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ‘ವಿದ್ಯಾರ್ಥಿ ನಾಯಕ’ ಎಂದರೆ ಕಣ್ಣ ಮುಂದೆ ಬರುವುದು ಕಾಲೇಜು ಗೇಟಿನ ಮುಂದಿನ ಧರಣಿ, ಮೈಕು, ಸರ್ಕಲ್ಲಿನಲ್ಲಿ ಕಟ್ಟಿದ ಫ್ಲೆಕ್ಸು. ಅದೇ ಪದ ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಬೇರೆ ಯಾರನ್ನೋ ತೋರಿಸುತ್ತದೆ. ಅಲ್ಲಿ ಓದುವ ಕನ್ನಡದ ಮಕ್ಕಳು, ಗೃಹಿಣಿಯರು ಇಂಥ ಮನ್ನಣೆ ಪಡೆದಾಗ ಊರಿನಲ್ಲಿರುವ ನಾವು ಅದನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಲೇಜಿನ ಹೆಸರು. ‘ಕಮ್ಯುನಿಟಿ’ಯನ್ನು ‘ಸಮುದಾಯ’ ಎಂದು ಕನ್ನಡಿಸುವುದು ರೂಢಿ. ಆದರೆ ನಮ್ಮ ಪತ್ರಿಕೆಗಳಲ್ಲಿ ಸಮುದಾಯ ಎಂದರೆ ಬಹುಪಾಲು ಜಾತಿ ಎಂದೇ ಅರ್ಥ. ‘ಸಮುದಾಯ ಕಾಲೇಜು’ ಎಂದಾಗ ಯಾವುದೋ ಜನಾಂಗದ ಸಂಘ ನಡೆಸುವ ಸಂಸ್ಥೆ ಎಂದು ಯಾರಿಗಾದರೂ ಅನ್ನಿಸಬಹುದು. ಇಲ್ಲಿ ಆ ಪದದ ಅರ್ಥ ಸುತ್ತಮುತ್ತಲಿನ ಊರು, ಅಲ್ಲಿನ ಜನ. ‘ಊರ ಕಾಲೇಜು’ ಎಂದರೆ ಹೆಚ್ಚು ಹತ್ತಿರವಾಗುತ್ತದೆ. ಇದಕ್ಕೆ ಹಿಂದೆ ಇದ್ದ ಹೆಸರು ‘ಜೂನಿಯರ್ ಕಾಲೇಜ್’. ಅದೂ ನಮಗೆ ಗೊಂದಲವೇ, ಏಕೆಂದರೆ ಕರ್ನಾಟಕದಲ್ಲಿ ಜೂನಿಯರ್ ಕಾಲೇಜು ಎಂದರೆ ಪಿಯುಸಿ. ಅಲ್ಲಿ ಅದು ಹನ್ನೆರಡನೇ ತರಗತಿ ಮುಗಿದ ಮೇಲಿನ ಎರಡು ವರ್ಷ, ಅಂದರೆ ಪದವಿಯ ಮೊದಲರ್ಧ.

ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್ ಪದವಿಯ ನಾಲ್ಕು ವರ್ಷಗಳನ್ನು ಎರಡೆರಡಾಗಿ ಒಡೆದು ನೋಡಿದವರು. ಅವರ ಪ್ರೇರಣೆಯಿಂದ 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯಟ್‌ನಲ್ಲಿ ಆರು ವಿದ್ಯಾರ್ಥಿಗಳೊಂದಿಗೆ ಆರಂಭವಾದ ಕಾಲೇಜನ್ನು ಈ ಬಗೆಯ ಮೊದಲ ಸಾರ್ವಜನಿಕ ಸಂಸ್ಥೆ ಎನ್ನುತ್ತಾರೆ. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಓದಲು ಬಂದ ಕಾಲದಲ್ಲಿ, 1947ರಲ್ಲಿ, ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗದ ವರದಿ ‘ಕಮ್ಯುನಿಟಿ ಕಾಲೇಜ್’ ಎಂಬ ಹೆಸರನ್ನು ವ್ಯಾಪಕ ಬಳಕೆಗೆ ತಂದಿತು. ಈಗ ಆ ದೇಶದಲ್ಲಿ ಇಂಥವು ಸಾವಿರಕ್ಕೂ ಹೆಚ್ಚು. ಕ್ಯಾಲಿಫೋರ್ನಿಯಾ ಒಂದರಲ್ಲೇ 116. ಅಲ್ಲಿನ ನಿವಾಸಿಗಳಿಗೆ ಶುಲ್ಕ ಯೂನಿಟ್‌ಗೆ, ಅಂದರೆ ಒಂದು ಕ್ರೆಡಿಟ್‌ಗೆ, 46 ಡಾಲರ್. ಎರಡು ವರ್ಷದ ಪದವಿಗೆ ಬೇಕಾದ 60 ಯೂನಿಟ್‌ಗೆ ಲೆಕ್ಕ ಹಾಕಿದರೆ 2,760 ಡಾಲರ್. ನಾಲ್ಕು ವರ್ಷದ ವಿಶ್ವವಿದ್ಯಾಲಯಗಳ ಪಕ್ಕದಲ್ಲಿಟ್ಟರೆ ಇದು ಬಹಳ ಕಡಿಮೆ. ಕ್ಯೂಪರ್ಟಿನೋದ ಡಿ ಆಂಝಾ, ಫ್ರೀಮಾಂಟ್‌ನ ಓಲೋನಿಯಂಥ ಕಾಲೇಜುಗಳು ಕನ್ನಡ ಮನೆಗಳಿರುವ ಊರುಗಳಲ್ಲೇ ಇವೆ. ಭಾರತದಲ್ಲೂ ಈ ಕಲ್ಪನೆ ಬಂದಿದೆ, ಪಾಂಡಿಚೇರಿ ವಿಶ್ವವಿದ್ಯಾಲಯ 1995ರಲ್ಲೇ ಒಂದನ್ನು ಆರಂಭಿಸಿತು. ಆದರೆ ನಮ್ಮಲ್ಲಿ ಅದು ಹೆಚ್ಚಾಗಿ ಕೌಶಲ ತರಬೇತಿಯ ದಾರಿ ಹಿಡಿಯಿತು.

ಇನ್ನು ‘ಸ್ಟೂಡೆಂಟ್’. ನಮ್ಮ ಮನಸ್ಸಿನ ವಿದ್ಯಾರ್ಥಿಗೆ ಹದಿನೆಂಟು, ಹತ್ತೊಂಬತ್ತು ವಯಸ್ಸು. ಅಲ್ಲಿ ಸರಾಸರಿ ವಯಸ್ಸೇ ಇಪ್ಪತ್ತೇಳರ ಆಸುಪಾಸು. ಸುಮಾರು ಮೂರರಲ್ಲಿ ಇಬ್ಬರು ಪಾರ್ಟ್‌ಟೈಮ್ ಓದುವವರು. ಸೇನೆಯಿಂದ ಬಂದವರು, ಮಕ್ಕಳನ್ನು ಡೇಕೇರ್‌ನಲ್ಲಿ ಬಿಟ್ಟು ಬಂದ ತಾಯಂದಿರು, ರಾತ್ರಿ ಪಾಳಿ ಮುಗಿಸಿ ಬೆಳಗಿನ ಗಣಿತದ ತರಗತಿಗೆ ಕೂತವರು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಬಹುತೇಕ ಕಡೆ ಹಾಸ್ಟೆಲ್ ಇಲ್ಲ. ಕಾರು ನಿಲ್ಲಿಸು, ಪಾಠ ಕೇಳು, ಕಾರು ಹತ್ತು. ಅದರ ಮೇಲೆ ಎರಡು ವರ್ಷಕ್ಕೆ ಎಲ್ಲರೂ ಹೊರಟು ಹೋಗುತ್ತಾರೆ. ನಾಲ್ಕು ವರ್ಷದ ಕಾಲೇಜಿನಲ್ಲಿ ಸೀನಿಯರ್ ಜೂನಿಯರ್‌ಗೆ ಹೇಳಿಕೊಟ್ಟು ಸಂಘಗಳು ತಾವಾಗಿ ಮುಂದುವರಿಯುತ್ತವೆ, ಇಲ್ಲಿ ಪ್ರತಿ ಬೇಸಿಗೆಗೆ ಒಲೆ ಆರುತ್ತದೆ, ಪ್ರತಿ ಶರತ್ಕಾಲಕ್ಕೆ ಯಾರೋ ಮತ್ತೆ ಹೊತ್ತಿಸಬೇಕು. ಹಾಗೆ ಹೊತ್ತಿಸುವವರನ್ನೇ ಈ ಕಾಲೇಜುಗಳು ‘ಲೀಡರ್’ ಎನ್ನುತ್ತವೆ. ಎರಡು ಕೆಲಸ, ಒಂದು ಮಗು, ಮೂರು ವಿಷಯಗಳ ನಡುವೆ ವಾರಕ್ಕೆ ನಾಲ್ಕು ಗಂಟೆಯನ್ನು ಬೇರೆಯವರಿಗಾಗಿ ತೆಗೆದಿಟ್ಟಿದ್ದಾರೆ ಎಂದರೆ ಆ ನಾಲ್ಕು ಗಂಟೆಯ ಬೆಲೆ ಸಣ್ಣದಲ್ಲ.

‘ನಾಯಕ’ ಎಂಬ ಪದ ಇಲ್ಲಿ ನನಗೆ ಒಗ್ಗುವುದಿಲ್ಲ. ಅದರಲ್ಲಿ ಪಾಳೆಯಗಾರರ ಗತ್ತು ಇದೆ, ಸಿನಿಮಾದ ನಾಯಕನಿದ್ದಾನೆ, ಈಗೀಗ ‘ಯುವ ನಾಯಕ’ರೂ ಸೇರಿದ್ದಾರೆ. ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪದವಿದೆ: ಮುಂದಾಳು. ‘ಆಳು’ ಎಂದರೆ ದೊರೆತನ ಮಾಡು ಎಂಬ ಕ್ರಿಯಾಪದವೂ ಹೌದು, ಕೆಲಸದ ಆಳೂ ಹೌದು. ಮುಂದಾಳು ಪದದಲ್ಲಿರುವುದು ಎರಡನೆಯದು. ಕೆಲಸಕ್ಕೆ ಎಲ್ಲರಿಗಿಂತ ಮುಂದೆ ನಿಂತ ಆಳು. ಗದ್ದೆಯಲ್ಲಿ ನಾಟಿ ಹಾಕುವಾಗ ಮೊದಲ ಸಾಲು ಹಿಡಿಯುವವಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವಳು ಯಾರ ಮೇಲೂ ಅಧಿಕಾರ ನಡೆಸುವುದಿಲ್ಲ, ಉಳಿದವರ ಕೈ ಮಾತ್ರ ಅವಳ ಕೈಯ ಓಟಕ್ಕೆ ಹೊಂದಿಕೊಳ್ಳುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರವೇಶ ಅರ್ಜಿಯಲ್ಲಿರುವ ಪ್ರಬಂಧದ ಪ್ರಶ್ನೆಗಳಲ್ಲಿ ಮುಂದಾಳತ್ವದ ಬಗ್ಗೆಯೂ ಒಂದಿದೆ. ನೀನು ಯಾವ ಹುದ್ದೆಯಲ್ಲಿದ್ದೆ ಎಂದು ಅದು ಕೇಳುವುದಿಲ್ಲ. ಬೇರೆಯವರ ಮೇಲೆ ಒಳ್ಳೆಯ ಪ್ರಭಾವ ಬೀರಿದ್ದೋ, ಜಗಳ ಬಗೆಹರಿಸಿದ್ದೋ, ಒಂದು ಗುಂಪಿನ ಕೆಲಸಕ್ಕೆ ಬಹುಕಾಲ ಹೆಗಲು ಕೊಟ್ಟದ್ದೋ, ಒಂದು ಉದಾಹರಣೆ ಬರಿ ಎನ್ನುತ್ತದೆ. ಉತ್ತರಕ್ಕೆ 350 ಪದಗಳ ಮಿತಿ. ಅಧ್ಯಕ್ಷ, ಕಾರ್ಯದರ್ಶಿ ಎಂಬ ಪದವಿಗಳ ಪಟ್ಟಿಯಿಂದ ಈ ಉತ್ತರ ತುಂಬುವುದಿಲ್ಲ.

ನನ್ನ ತಂಗಿ ಬರೆದದ್ದು ಒಂದು ಬಾಗಿಲಿನ ವಿಷಯ. ಅವಳು ಮದುವೆಯಾಗಿ ಹೋದವಳು, ಅಲ್ಲಿ ಕೆಲಸಕ್ಕೆ ಹೋದವರ ಮನೆಯವರಿಗೆ ಸಿಗುವ ಎಚ್‌-4 ವೀಸಾ. ಇಲ್ಲಿ ಬಿಎಸ್ಸಿ ಮುಗಿಸಿದ್ದರೂ ಅಲ್ಲಿ ಪುಟ್ಟ ಮಕ್ಕಳ ಶಿಕ್ಷಣ ಕಲಿಯಲು ಸಂಜೆ ತರಗತಿಗೆ ಸೇರಿದಳು. ಕಾಲೇಜಿನಲ್ಲಿ ಫುಡ್ ಪ್ಯಾಂಟ್ರಿ ಎಂದು ಒಂದು ಕೋಣೆ. ಕೈ ಬಿಗಿಯಾಗಿರುವ ವಿದ್ಯಾರ್ಥಿಗಳು ಅಕ್ಕಿ, ಬ್ರೆಡ್ಡು, ಹಾಲು, ಡಬ್ಬಿಯಲ್ಲಿ ಬರುವ ಬೀನ್ಸ್ ಮೊದಲಾದವನ್ನು ದುಡ್ಡಿಲ್ಲದೆ ಒಯ್ಯಬಹುದು. ಅದು ಸಂಜೆ ನಾಲ್ಕಕ್ಕೆ ಮುಚ್ಚುತ್ತಿತ್ತು. ಸಂಜೆ ತರಗತಿ ಶುರುವಾಗುವುದು ಆರಕ್ಕೆ. ದಿನವಿಡೀ ಕೆಲಸ ಮಾಡಿ ಬರುವವರು ಮುಚ್ಚಿದ ಬಾಗಿಲನ್ನೇ ನೋಡಿಕೊಂಡು ಒಳಗೆ ಹೋಗುತ್ತಿದ್ದರು. ಅವಳ ಪಕ್ಕ ಕೂರುತ್ತಿದ್ದ ಹುಡುಗಿಯೊಬ್ಬಳು ಬಿಡುವಿನಲ್ಲಿ ನೀರು ಕುಡಿದು ಮತ್ತೆ ಬಂದು ಕೂರುವುದನ್ನು ಇವಳು ಮೂರು ವಾರ ಗಮನಿಸಿದಳಂತೆ.

ಆಮೇಲೆ ಮಾಡಿದ್ದು ಹೊರಗೆ ಕಾಣುವ ಕೆಲಸವೇ ಅಲ್ಲ. ಮೂರು ಸಂಜೆ ತರಗತಿಗಳ ಹೊರಗೆ ನಿಂತು, ಯಾರಿಗೆ ಯಾವ ಹೊತ್ತಿಗೆ ಬೇಕು ಎಂದು ಒಂದು ಹಾಳೆಯಲ್ಲಿ ಗೀಟು ಹಾಕಿದಳು. ಆ ಹಾಳೆ ಹಿಡಿದು ಕಚೇರಿಗೆ ಹೋದಳು. ಸಿಬ್ಬಂದಿ ಇಲ್ಲ ಎಂದರು. ನಾಲ್ವರನ್ನು ಹೊಂದಿಸಿ, ಎರಡು ದಿನ ಏಳು ಗಂಟೆವರೆಗೆ ತೆರೆಯುತ್ತೇವೆ ಎಂದಳು. ಮೊದಲ ತಿಂಗಳು ಇಬ್ಬರು ಕೈಕೊಟ್ಟರು, ಮಗುವನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಅವಳೇ ಎರಡೂ ದಿನ ನಿಂತಳು. ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟೇ: “ಅಕ್ಕಾ, ನಾನೇನ್ ಲೀಡರ್ ಅಲ್ಲ. ಬಾಗ್ಲು ತೆಗ್ಸಿದೆ.”

ಮನ್ನಣೆ ಕೊಡುವ ಕ್ರಮ ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ. ಸಾಮಾನ್ಯವಾಗಿ ಅಧ್ಯಾಪಕರೋ ಕೌನ್ಸೆಲರೋ ಹೆಸರು ಸೂಚಿಸಿ ಒಂದು ಪತ್ರ ಬರೆಯುತ್ತಾರೆ, ಸಮಿತಿ ಓದುತ್ತದೆ, ವಸಂತದ ಕೊನೆಯಲ್ಲಿ ಒಂದು ಸಂಜೆ ಎಲ್ಲರನ್ನೂ ಕರೆದು ಹೆಸರು ಓದುತ್ತಾರೆ. ಇದನ್ನು ‘ಡೀನ್ಸ್ ಲಿಸ್ಟ್’ ಜೊತೆ ಕಲಸಬಾರದು, ಅದು ಆ ಅವಧಿಯ ಅಂಕಗಳಿಗೆ ಸಿಗುವುದು. ‘ಸ್ಟೂಡೆಂಟ್ ಟ್ರಸ್ಟಿ’ ಬೇರೆ; ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಕಾಲೇಜು ಜಿಲ್ಲೆಯ (ಒಂದೋ ಹಲವೋ ಕಾಲೇಜುಗಳನ್ನು ನಡೆಸುವ ಘಟಕದ) ಆಡಳಿತ ಮಂಡಳಿಯಲ್ಲಿ ಕೂರುವ ವಿದ್ಯಾರ್ಥಿ ಪ್ರತಿನಿಧಿ ಅದು. ದೊಡ್ಡಪ್ಪ ಕೇಳಿದ ಎಲೆಕ್ಷನ್ ನಿಜವಾಗಿ ಇರುವುದು ಆ ಸ್ಥಾನಕ್ಕೆ ಮತ್ತು ವಿದ್ಯಾರ್ಥಿ ಸರ್ಕಾರಕ್ಕೆ.

ದೇಶದ ಮಟ್ಟದಲ್ಲಿ ಎಲ್ಲರೂ ಬಲ್ಲ ಹೆಸರು ಫೈ ಥೀಟಾ ಕಪ್ಪಾ. ಎರಡು ವರ್ಷದ ಕಾಲೇಜುಗಳ ಈ ಆನರ್ ಸೊಸೈಟಿ, ಅಂದರೆ ಚೆನ್ನಾಗಿ ಓದುವವರನ್ನು ಸೇರಿಸಿಕೊಳ್ಳುವ ಗೌರವ ಸಂಘ, 1918ರಲ್ಲಿ ಮಿಸೌರಿಯಲ್ಲಿ ಹುಟ್ಟಿತು, 1929ರಲ್ಲಿ ಜೂನಿಯರ್ ಕಾಲೇಜುಗಳ ರಾಷ್ಟ್ರೀಯ ಸಂಘ ಅದಕ್ಕೆ ಅಧಿಕೃತ ಮಾನ್ಯತೆ ಕೊಟ್ಟಿತು. ಸೇರಲು ಸಾಮಾನ್ಯವಾಗಿ 4ಕ್ಕೆ 3.5 ಸರಾಸರಿ ಅಂಕ ಬೇಕು. ಆದರೆ ಅದು ತನ್ನ ಲಕ್ಷಣಗಳೆಂದು ಹೇಳಿಕೊಳ್ಳುವುದು ನಾಲ್ಕು: ವಿದ್ವತ್ತು, ಮುಂದಾಳತ್ವ, ಸೇವೆ, ಒಡನಾಟ. ಅದು ನಡೆಸುವ ಆಲ್-ಯುಎಸ್‌ಎ ಅಕಾಡೆಮಿಕ್ ಟೀಮ್‌ಗೆ ಪ್ರತಿ ಕಾಲೇಜು ಇಬ್ಬರನ್ನು ಸೂಚಿಸಬಹುದು. ಇಡೀ ದೇಶದಿಂದ ಇಪ್ಪತ್ತು ಜನ ಆಯ್ಕೆಯಾಗುತ್ತಾರೆ. ಪದವಿ ಪ್ರದಾನದ ದಿನ ಕಪ್ಪು ಗೌನಿನ ಮೇಲೆ ಇಳಿಬಿದ್ದಿರುವ ಕುಚ್ಚಿನ ಹುರಿಗಳನ್ನು, ಹೊದಿಕೆಯಂಥ ಸ್ಟೋಲ್‌ಗಳನ್ನು ಫೋಟೋಗಳಲ್ಲಿ ನೋಡಿರುತ್ತೀರಿ. ಅವು ಅಲಂಕಾರಕ್ಕೆ ಹಾಕಿದ್ದಲ್ಲ, ಒಂದೊಂದಕ್ಕೂ ಒಂದೊಂದು ಅರ್ಥವಿದೆ.

ಇಷ್ಟು ದೊಡ್ಡ ಏರ್ಪಾಡು ಯಾಕೆ ಎಂದು ಕೇಳಬಹುದು. ಅದಕ್ಕೆ ಉತ್ತರ ‘ಟ್ರಾನ್ಸ್‌ಫರ್’ ಎಂಬ ಇನ್ನೊಂದು ಪದದಲ್ಲಿದೆ. ಎರಡು ವರ್ಷ ಇಲ್ಲಿ ಓದಿ, ಉಳಿದೆರಡನ್ನು ವಿಶ್ವವಿದ್ಯಾಲಯದಲ್ಲಿ ಮುಗಿಸುವುದು. ನಾಸಾದ ಸ್ಪೇಸ್ ಷಟಲ್ ಒಂದನ್ನು ಕಮಾಂಡರ್ ಆಗಿ ಮುನ್ನಡೆಸಿದ ಮೊದಲ ಮಹಿಳೆ ಐಲೀನ್ ಕಾಲಿನ್ಸ್ ಹೀಗೇ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಮ್ಯುನಿಟಿ ಕಾಲೇಜಿನಿಂದ ಸಿರಕ್ಯೂಸ್‌ಗೆ ಹೋದವರು. ಹೊಸ ಜಾಗದಲ್ಲಿ ಈ ವಿದ್ಯಾರ್ಥಿಯನ್ನು ಬಲ್ಲವರು ಯಾರೂ ಇರುವುದಿಲ್ಲ. ಅಂಕಪಟ್ಟಿ ಬುದ್ಧಿಯನ್ನು ಹೇಳುತ್ತದೆ, ಮನುಷ್ಯ ಎಂಥವರು ಎಂದು ಹೇಳಲು ಯಾರಾದರೂ ಬರೆದುಕೊಡಬೇಕು. ಜ್ಯಾಕ್ ಕೆಂಟ್ ಕುಕ್ ಪ್ರತಿಷ್ಠಾನ ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೆ ಕೊಡುವಂಥ ದೊಡ್ಡ ವಿದ್ಯಾರ್ಥಿವೇತನಗಳೂ ಅಂಕದ ಜೊತೆ ಇದನ್ನು ನೋಡುತ್ತವೆ.

ಇಲ್ಲಿ ‘ಪ್ರಶಸ್ತಿ’ ಎಂಬ ಪದದ ಹಳೆಯ ಅರ್ಥ ನೆನಪಾಗುತ್ತದೆ. ಪ್ರಶಸ್ತಿ ಎಂದರೆ ಮೂಲದಲ್ಲಿ ಫಲಕವಲ್ಲ, ಹೊಗಳಿ ಬರೆದ ಬರಹ. ಕ್ರಿ.ಶ. 634ರಲ್ಲಿ ರವಿಕೀರ್ತಿ ಐಹೊಳೆಯ ಮೇಗುತಿ ಗುಡಿಯಲ್ಲಿ ಇಮ್ಮಡಿ ಪುಲಕೇಶಿಯ ಬಗ್ಗೆ ಕೆತ್ತಿಸಿದ್ದು ಅಂಥದ್ದು. ಅದು ರಾಜನಿಗೆ. ತುರು ಬಿಡಿಸಲು ಹೋಗಿ ಸತ್ತ ಊರಿನವನಿಗೆ ನಮ್ಮವರು ವೀರಗಲ್ಲು ನಿಲ್ಲಿಸಿದರು, ಇಂಥವನು ಇಂಥದ್ದನ್ನು ಮಾಡಿದ ಎಂದು ಗುರುತು ಹಾಕಿದರು. ‘ಗುರುತಿಸು’ ಎಂಬ ನಮ್ಮ ಕ್ರಿಯಾಪದದೊಳಗೆ ಆ ಗುರುತು ಇನ್ನೂ ಇದೆ. ಕಮ್ಯುನಿಟಿ ಕಾಲೇಜಿನ ಮನ್ನಣೆ ನನಗೆ ವೀರಗಲ್ಲಿನ ಜಾತಿಗೆ ಸೇರಿದ್ದು ಅನ್ನಿಸುತ್ತದೆ, ಇಲ್ಲಿ ಗುರುತು ಬದುಕಿದ್ದಾಗಲೇ ಸಿಗುತ್ತದೆ ಎಂಬ ವ್ಯತ್ಯಾಸದೊಂದಿಗೆ. ತಂಗಿಯ ಅಧ್ಯಾಪಕಿ ಬರೆದ ಪತ್ರದಲ್ಲಿ ‘ಅತ್ಯುತ್ತಮ’, ‘ಅಸಾಧಾರಣ’ ಯಾವುದೂ ಇರಲಿಲ್ಲ. ಬಾಗಿಲು ನಾಲ್ಕಕ್ಕೆ ಮುಚ್ಚುತ್ತಿತ್ತು, ಈಗ ಏಳಕ್ಕೆ ಮುಚ್ಚುತ್ತದೆ, ನಡುವೆ ಇವಳು ಇದ್ದಳು ಎಂಬ ಅರ್ಥದ ನಾಲ್ಕು ಸಾಲು. ಅದಕ್ಕಿಂತ ಒಳ್ಳೆಯ ಪ್ರಶಸ್ತಿಯನ್ನು ನಾನು ಓದಿಲ್ಲ.

‘ಔಟ್‌ಸ್ಟ್ಯಾಂಡಿಂಗ್’ ಪದದಲ್ಲೇ ಒಂದು ತೊಡಕೂ ಇದೆ. ಎದ್ದು ಕಾಣುವವರು ಎಂದಾಗ, ಕಾಣುವ ಜಾಗದಲ್ಲಿ ಇಲ್ಲದವರು ತಪ್ಪಿಹೋಗುತ್ತಾರೆ. ಹಗಲು ಕ್ಯಾಂಪಸ್ಸಿನಲ್ಲಿ ಓಡಾಡುವವರ ಹೆಸರು ಸಿಬ್ಬಂದಿಗೆ ಬಾಯಲ್ಲೇ ಇರುತ್ತದೆ. ಆನ್‌ಲೈನ್ ಓದುವವರ, ರಾತ್ರಿ ಬಂದು ಹೋಗುವವರ ಹೆಸರು ಯಾರಿಗೂ ಹೊಳೆಯುವುದಿಲ್ಲ. ಅಲ್ಲಿ ಓದುತ್ತಿರುವ ನಮ್ಮ ಹೆಣ್ಣುಮಕ್ಕಳು ಸಂಕೋಚದಿಂದ ತಾವು ಮಾಡಿದ್ದನ್ನು ಹೇಳಿಕೊಳ್ಳುವುದೇ ಇಲ್ಲ. ಅಧ್ಯಾಪಕರನ್ನು ಕಂಡು, ನಾನು ಇಂಥ ಕೆಲಸ ಮಾಡುತ್ತಿದ್ದೇನೆ, ಒಂದು ಪತ್ರ ಬರೆದುಕೊಡುತ್ತೀರಾ ಎಂದು ಕೇಳುವುದು ಅಲ್ಲಿ ಜಂಬವಲ್ಲ, ಅದು ವಾಡಿಕೆ. ಇನ್ನೊಂದು ಎಚ್ಚರಿಕೆ: ‘ನೀವು ಆಯ್ಕೆಯಾಗಿದ್ದೀರಿ, ಶುಲ್ಕ ಕಟ್ಟಿ’ ಎಂದು ಬರುವ ಇಮೇಲ್‌ಗಳೆಲ್ಲ ಮನ್ನಣೆಯಲ್ಲ. ನಿಜವಾದ ಆನರ್ ಸೊಸೈಟಿಗೂ ಸದಸ್ಯತ್ವ ಶುಲ್ಕ ಇರುತ್ತದೆ, ಆದ್ದರಿಂದ ಶುಲ್ಕದಿಂದ ಗುರುತು ಹಿಡಿಯಲಾಗದು. ನಿಮ್ಮ ಕಾಲೇಜಿನಲ್ಲೇ ಅದರ ಶಾಖೆ ಇದೆಯೇ, ಅದಕ್ಕೊಬ್ಬ ಅಧ್ಯಾಪಕ ಸಲಹೆಗಾರರಿದ್ದಾರೆಯೇ ಎಂದು ಕೌನ್ಸೆಲರ್ ಹತ್ತಿರ ಕೇಳಿದರೆ ಗೊತ್ತಾಗುತ್ತದೆ.

ಇದನ್ನೆಲ್ಲ ದೊಡ್ಡಪ್ಪನಿಗೆ ಫೋನಿನಲ್ಲಿ ಬಿಡಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರೆ ಜಾತ್ರೇಲಿ ದಾಸೋಹದ ಉಸ್ತುವಾರಿ ನೋಡ್ಕೊತಾರಲ್ಲ, ಹಂಗೆ” ಎಂದರು. ಹೌದು ಎಂದೆ. “ಮತ್ತೆ ಇವ್ಳು ಅಲ್ಲಿಂದ ಹೋದ್ಮೇಲೆ ಯಾರ್ ನೋಡ್ಕೊತಾರೆ?”

ಅದನ್ನು ನಾನು ಕೇಳಿರಲಿಲ್ಲ. ಆ ರಾತ್ರಿ ತಂಗಿಗೆ ಮೆಸೇಜ್ ಮಾಡಿದೆ. ಅವಳು ಒಂದು ರೂಲ್ಡ್ ನೋಟ್‌ಬುಕ್ಕಿನ ಮೊದಲ ಪುಟದ ಫೋಟೋ ಕಳಿಸಿದಳು. ಕೀಲಿ ಯಾವ ಕಚೇರಿಯಲ್ಲಿ, ಯಾರ ಹತ್ತಿರ. ಹಾಲಿನ ವ್ಯಾನ್ ಬರುವ ದಿನ. ಮಂಗಳವಾರ ಬ್ರೆಡ್ಡು ಬೇಗ ಖಾಲಿಯಾಗುತ್ತದೆ, ಹತ್ತು ಪ್ಯಾಕ್ ಒಳಗೆ ಎತ್ತಿಡಿ. ಯಾರಿಗೂ ಯಾಕೆ ಬಂದಿರಿ ಎಂದು ಕೇಳಬೇಡಿ. ಕೆಳಗೆ ಬೇರೆ ಕೈಬರಹದಲ್ಲಿ, ಬೇರೆ ಶಾಯಿಯಲ್ಲಿ ಆಗಲೇ ಒಂದು ಸಾಲು ಸೇರಿತ್ತು: ಗುರುವಾರವೂ ತೆರೆಯಬೇಕು, ನಾನು ನಿಲ್ಲುತ್ತೇನೆ.