ಕಲ್ಲೊಳಗಿನ ಜರೀಗಿಡ ಮತ್ತು ಗುಹೆಯ ಹೆಜ್ಜೇನು

ಸುಣ್ಣಕಲ್ಲಿನ ಚಪ್ಪಡಿಯನ್ನು ಪದರದ ಗುಂಟ ಸೀಳಿದಾಗ ಕೆಲವೊಮ್ಮೆ ಅದರ ಒಳಮೈಯಲ್ಲಿ ಕಪ್ಪು ಶಾಯಿಯಿಂದ ಬರೆದಂತಹ ಜರೀಗಿಡವೊಂದು ಕಾಣಿಸುತ್ತದೆ. ಕಾಂಡ, ಕವಲು, ಕವಲಿಗೆ ಕಿರುಗವಲು ಎಲ್ಲವೂ ಅಚ್ಚುಕಟ್ಟಾಗಿರುವ ಈ ಚಿತ್ರವನ್ನು ಕೋಟ್ಯಂತರ ವರ್ಷಗಳ ಹಿಂದಿನ ಸಸ್ಯವೆಂದು ಮಾರುವವರೂ ಇದ್ದಾರೆ, ನಂಬಿ ಕೊಳ್ಳುವವರೂ ಇದ್ದಾರೆ. ಅಲ್ಲಿ ಗಿಡ ಯಾವತ್ತೂ ಇರಲಿಲ್ಲ. ಅದು ಕಲ್ಲಿನ ಬಿರುಕಿನಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡಿನ ತೆಳುಲೇಪ. ಭೂವಿಜ್ಞಾನಿಗಳು ಅದನ್ನು ಡೆಂಡ್ರೈಟ್ ಎನ್ನುತ್ತಾರೆ. ಉತ್ತರ ಪ್ರದೇಶದ ಬಾಂದಾದಲ್ಲಿ ಕೆನ್ ನದಿಯಿಂದ ಆರಿಸಿ ತಂದು, ಕುಶಲಕರ್ಮಿಗಳು ಒಡವೆಗೆ ಕೊರೆಯುವ ‘ಶಜರ್’ ಕಲ್ಲಿನೊಳಗಿನ ಮರಗಳೂ ಇದೇ ಜಾತಿಯವು. ಶಜರ್ ಎಂದರೆ ಅರಬ್ಬಿಯಲ್ಲಿ ಮರ.

ಜೀವವಿಲ್ಲದ ಖನಿಜಕ್ಕೆ ಕವಲೊಡೆಯುವುದು ಹೇಗೆ ಗೊತ್ತಾಯಿತು ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುವ ಪ್ರಶ್ನೆ. ಮ್ಯಾಂಗನೀಸ್ ಕರಗಿದ ನೀರು ಕಾಗದದಷ್ಟು ತೆಳುವಾದ ಬಿರುಕಿನಲ್ಲಿ ನಿಧಾನವಾಗಿ ಹರಡುತ್ತಿದೆ, ಆಮ್ಲಜನಕ ಸಿಕ್ಕಲ್ಲಿ ಆಕ್ಸೈಡ್ ಅಂಟಿಕೊಳ್ಳುತ್ತಿದೆ ಎಂದು ಭಾವಿಸಿ. ಲೇಪದ ಅಂಚು ಆಕಸ್ಮಿಕವಾಗಿ ಒಂದೆಡೆ ಕೂದಲೆಳೆಯಷ್ಟು ಮುಂದೆ ಚಾಚಿದರೂ ಸಾಕು, ಹೊಸ ನೀರು ಮೊದಲು ಮುಟ್ಟುವುದು ಆ ತುದಿಯನ್ನೇ. ನಾಲೆಯ ತಲೆಭಾಗದ ರೈತನಿಗೆ ಗದ್ದೆ ತುಂಬ ನೀರು ಸಿಕ್ಕಿ ಕೊನೆಭಾಗದವನಿಗೆ ಒಣ ಕಾಲುವೆ ಉಳಿಯುವಂತೆ, ಚಾಚಿದ ತುದಿ ಇನ್ನಷ್ಟು ಚಾಚುತ್ತದೆ, ಹಿಂದಿನ ತಗ್ಗು ಬರಗೆಟ್ಟೇ ಉಳಿಯುತ್ತದೆ. ಜಾತ್ರೆಯಲ್ಲಿ ಪ್ರಸಾದ ಹಂಚುವಾಗ ಮುಂದೆ ನೀಡಿದ ಕೈಗಳೇ ಎಲ್ಲವನ್ನೂ ತಡೆದು ಹಿಂದಿನವರಿಗೆ ಏನೂ ದಾಟದಿರುವುದೂ ಇದೇ ಲೆಕ್ಕ. ಮುಂದೆ ಸಾಗಿದ ತುದಿಯ ಮೇಲೆ ಮತ್ತೆ ಚಿಕ್ಕ ಉಬ್ಬು, ಅದರ ಮೇಲೆ ಇನ್ನೊಂದು, ಹೀಗೆ ಕವಲು ಬೆಳೆಯುತ್ತಲೇ ಹೋಗುತ್ತದೆ. 1981ರಲ್ಲಿ ಥಾಮಸ್ ವಿಟನ್ ಮತ್ತು ಲಿಯೊನಾರ್ಡ್ ಸ್ಯಾಂಡರ್ ಎಂಬ ಭೌತವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುವ ಕಣಗಳಿಗೆ ‘ತಾಗಿದಲ್ಲಿ ಅಂಟಿಕೊ’ ಎಂಬ ಒಂದೇ ನಿಯಮ ಕೊಟ್ಟರು. ಮೂಡಿದ್ದು ಇಂತಹುದೇ ಕವಲುಗೂಡು. ಇದಕ್ಕೆ ಹತ್ತಿರದ ಆಟವೊಂದನ್ನು ಮನೆಯಲ್ಲಿಯೂ ನೋಡಬಹುದು: ಎರಡು ಗಾಜಿನ ತುಂಡುಗಳ ನಡುವೆ ದಪ್ಪ ಅಂಟನ್ನು ಸವರಿ, ಒತ್ತಿ, ಮೆಲ್ಲನೆ ಬೇರ್ಪಡಿಸಿದರೆ ಒಳನುಗ್ಗುವ ಗಾಳಿ ಅಂಟಿನ ಮೇಲೆ ಜರೀಗಿಡವನ್ನೇ ಬಿಡಿಸುತ್ತದೆ.

ಈ ಬೆಳವಣಿಗೆಯ ಬಗೆಯೇ ಡೆಂಡ್ರೈಟನ್ನು ಗುರುತಿಸುವ ದಾರಿಯನ್ನೂ ಕೊಡುತ್ತದೆ. ಅದರ ಬುಡವನ್ನು ಹುಡುಕುತ್ತ ಹೋದರೆ ಸಾಮಾನ್ಯವಾಗಿ ಬಿರುಕಿನ ಗೆರೆಯೊಂದಕ್ಕೆ ತಲುಪುತ್ತೇವೆ. ನಿಜವಾದ ಜರೀ ಎಲೆಗೆ ನಡುದಂಟು, ಅಳತೆ ತಪ್ಪದ ಕಿರುಎಲೆಗಳು, ಎಲೆಯ ಅಂಚು, ನರಗಳು ಇರುತ್ತವೆ. ಡೆಂಡ್ರೈಟಿಗೆ ಇವು ಯಾವುವೂ ಇಲ್ಲ. ಕೆಸರಿನಲ್ಲಿ ಹೂತ ಎಲೆಗಳು ಹರಿದು, ಮಡಚಿ, ಒಂದರ ಮೇಲೊಂದು ಬಿದ್ದಿರುತ್ತವೆ. ಡೆಂಡ್ರೈಟಿನ ಕವಲುಗಳಾದರೋ ಒಂದನ್ನೊಂದು ದಾಟಿ ಹೋಗುವುದಿಲ್ಲ, ಏಕೆಂದರೆ ಪಕ್ಕದ ಕವಲು ಅಲ್ಲಿಯ ಮ್ಯಾಂಗನೀಸನ್ನು ಆಗಲೇ ಹೀರಿಕೊಂಡಿರುತ್ತದೆ. ಎಲ್ಲಕ್ಕಿಂತ ನಂಬಲರ್ಹವಾದ ಸಾಕ್ಷ್ಯ ಬೇರೆ ಇದೆ. ಎಲೆ ಬೀಳುವುದು ಕೆಸರಿನ ಪದರದ ಮೇಲೆ ಮಾತ್ರ, ಆದ್ದರಿಂದ ಪದರಗಳನ್ನು ಅಡ್ಡವಾಗಿ ಕತ್ತರಿಸಿದ ಬಿರುಕಿನ ಮೈಮೇಲೆ ‘ಗಿಡ’ ಹಬ್ಬಿದ್ದರೆ ಅದು ಕಲ್ಲು ಗಟ್ಟಿಯಾಗಿ ಸೀಳಿದ ಮೇಲೆ ಬಂದದ್ದು ಎಂದು ನಿಶ್ಚಯವಾಗಿ ಹೇಳಬಹುದು. ಜರ್ಮನಿಯ ಜೋಲ್ನ್‌ಹೋಫನ್ ಸುಣ್ಣಕಲ್ಲು ಈ ಪಾಠಕ್ಕೆ ತಕ್ಕ ಜಾಗ: 1861ರಲ್ಲಿ ಜಗತ್ತಿಗೆ ಪರಿಚಯವಾದ ಆರ್ಕಿಯಾಪ್ಟೆರಿಕ್ಸ್ ಎಂಬ ರೆಕ್ಕೆಯ ಜೀವಿಯ ನಿಜವಾದ ಪಳೆಯುಳಿಕೆ ಬಂದದ್ದೂ ಅಲ್ಲಿಂದಲೇ, ಸೊಗಸಾದ ಡೆಂಡ್ರೈಟುಗಳು ಬರುವುದೂ ಅಲ್ಲಿಂದಲೇ.

ರೂಪ ಹೋಲಿತೆಂದ ಮಾತ್ರಕ್ಕೆ ನಂಬಬಾರದು ಎಂಬ ಎಚ್ಚರ ಸಾಮಾನ್ಯರಿಗಷ್ಟೇ ಅಲ್ಲ, ಪರಿಣತರಿಗೂ ಬೇಕು. ಭೋಪಾಲದ ಬಳಿಯ ಭೀಮಬೇಟ್ಕಾ ಗುಹೆಗಳ ಪೈಕಿ ಆಡಿಟೋರಿಯಂ ಗುಹೆಯ ಚಾವಣಿಯಲ್ಲಿ ಕಂಡ ಎಲೆಯಾಕಾರದ, ಸಾಲುಸಾಲು ಗೆರೆಗಳ ಗುರುತೊಂದನ್ನು ಅಮೆರಿಕದ ಗ್ರೆಗರಿ ರೆಟಾಲಾಕ್ ಮತ್ತು ಸಂಗಡಿಗರು 2021ರಲ್ಲಿ ಡಿಕಿನ್ಸೋನಿಯಾ ಎಂದು ಪ್ರಕಟಿಸಿದರು. ಡಿಕಿನ್ಸೋನಿಯಾ ಎಂದರೆ ಸುಮಾರು 55 ಕೋಟಿ ವರ್ಷಗಳ ಹಿಂದೆ ಕಡಲತಳದಲ್ಲಿ ಬದುಕಿದ್ದ ಮೆತ್ತನೆಯ ಮೈಯ ಜೀವಿ. ಸುದ್ದಿ ಜಗತ್ತಿನಾದ್ಯಂತ ಹರಡಿತು. ಆ ಭಾಗದ ವಿಂಧ್ಯ ಮರಳುಗಲ್ಲಿನ ವಯಸ್ಸು ಸುಮಾರು ನೂರು ಕೋಟಿ ವರ್ಷವೆಂದು ವಾದಿಸುತ್ತಿದ್ದವರಿಗೆ ಇದು ದೊಡ್ಡ ತೊಡಕಾಯಿತು. ಅಂಥವರಲ್ಲಿ ಒಬ್ಬರಾದ ಜೋಸೆಫ್ ಮೀರ್ಟ್ ಅವರ ತಂಡ ಗುಹೆಗೆ ಹೋಗಿ ನೋಡಿದಾಗ ಆ ‘ಜೀವಿ’ ಕಲ್ಲಿನಿಂದ ಸುಲಿದು ಉದುರತೊಡಗಿತ್ತು. ಕಲ್ಲಿನ ಪದರದೊಳಗೆ ಹೂತ ಪಳೆಯುಳಿಕೆ ಎರಡು ಮೂರು ವರ್ಷಗಳಲ್ಲಿ ಹಾಗೆ ಸವೆಯುವುದಿಲ್ಲ. ಪರೀಕ್ಷೆಯಲ್ಲಿ ಮೇಣದ ಕುರುಹು ಸಿಕ್ಕಿತು. 2023ರಲ್ಲಿ ಅವರು ಪ್ರಕಟಿಸಿದ ಉತ್ತರ ನಮ್ಮ ಮಲೆನಾಡಿನ ಯಾವ ಜೇನುಗಾರನಿಗೂ ಅಪರಿಚಿತವಲ್ಲ: ಅದು ಬಂಡೆಗೆ ಕಟ್ಟಿದ ಹೆಜ್ಜೇನಿನ ಎರಿ ಅಳಿದ ಮೇಲೆ ಉಳಿದ ಗುರುತು. ರೆಟಾಲಾಕ್ ತಪ್ಪನ್ನು ಒಪ್ಪಿಕೊಂಡರು. ಆ ಒಪ್ಪಿಗೆಯನ್ನು ನಾನು ವಿಜ್ಞಾನದ ಸೋಲೆಂದು ಎಣಿಸುವುದಿಲ್ಲ, ಗೌರವದಿಂದ ನೆನೆಯುತ್ತೇನೆ.

ಕರ್ನಾಟಕದ ಓದುಗರಿಗೆ ಒಂದು ಸುಲಭವಾದ ಜರಡಿ ಇದೆ. ನಮ್ಮ ಊರುಗಳ ಸುತ್ತಲಿನ ಬಂಡೆಗಳಲ್ಲಿ ಹೆಚ್ಚಿನವು ಗ್ರಾನೈಟ್ ಮತ್ತು ನೆಲದಾಳದ ಬಿಸಿ, ಒತ್ತಡಗಳಲ್ಲಿ ಮಾರ್ಪಟ್ಟ ‘ನೈಸ್’ ಎಂಬ ಪಟ್ಟೆಗಲ್ಲು. ಬೆಂಗಳೂರಿನ ಲಾಲ್‌ಬಾಗ್ ಗುಡ್ಡದ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಆಗ ನೆಲದ ಮೇಲೆ ಗಿಡವಿರಲಿಲ್ಲ, ಮೊಟ್ಟೆಯಿಡುವ ಪ್ರಾಣಿಯಿರಲಿಲ್ಲ, ಅಲ್ಲದೆ ಗ್ರಾನೈಟ್ ರೂಪುಗೊಳ್ಳುವ ಬಿಸಿಯಲ್ಲಿ ಎಲೆಯಾಗಲಿ ಮೂಳೆಯಾಗಲಿ ಉಳಿಯಲಾರದು. ಆದ್ದರಿಂದ ಗ್ರಾನೈಟಿನ ಉರುಟು ಗುಂಡನ್ನು ಡೈನೋಸಾರ್ ಮೊಟ್ಟೆಯೆಂದು ಮೊಬೈಲಿನಲ್ಲಿ ಹಂಚುವ ಮೊದಲು ಕಲ್ಲು ಯಾವುದೆಂದು ಕೇಳಿದರೆ ಸಾಕು. ಅದು ಮೂಲೆಗಳು ಮೊದಲು ಸವೆದು ಗುಂಡಗಾದ ಬಂಡೆಯಷ್ಟೇ. ತಮಿಳುನಾಡಿನ ಪೆರಂಬಲೂರಿನಲ್ಲಿ 2020ರಲ್ಲಿ ಸಿಕ್ಕ ‘ಮೊಟ್ಟೆ’ಗಳು ಕೆಸರು ಸುತ್ತಿಕೊಂಡು ಗಟ್ಟಿಯಾದ ಉಂಡೆಗಳೆಂದು ಭೂವಿಜ್ಞಾನಿಗಳು ತಿಳಿಸಿದರು. ಆದರೆ ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಕುಲದೇವತೆಯೆಂದು ಪೂಜಿಸಿಕೊಂಡು ಬಂದಿದ್ದ ದುಂಡುಕಲ್ಲುಗಳು ನಿಜವಾಗಿಯೂ ಡೈನೋಸಾರ್ ಮೊಟ್ಟೆಗಳೆಂದು 2023ರಲ್ಲಿ ತಿಳಿದುಬಂತು. ಅಲ್ಲಿಯ ಪದರಶಿಲೆಯೂ ಅದರ ವಯಸ್ಸೂ ಅದಕ್ಕೆ ಹೊಂದುತ್ತಿದ್ದವು.

ನಮ್ಮ ನಾಡಿನ ಅತಿ ಹಳೆಯ ಪಳೆಯುಳಿಕೆಗಳು ಮಾತ್ರ ಯಾವ ಜೀವಿಯನ್ನೂ ನೆನಪಿಸುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರದ ಆಸುಪಾಸಿನ ಸುಣ್ಣಕಲ್ಲಿನಲ್ಲಿ, ಬೋರಲು ಹಾಕಿದ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಾಣುವ ಗೆರೆಗಳಿವೆ. ಅವು 250 ಕೋಟಿ ವರ್ಷಗಳಿಗೂ ಹಿಂದೆ ಸೂಕ್ಷ್ಮಜೀವಿಗಳ ಅಂಟುಹಾಸು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟುಗಳು. ಬರಿಯ ಕೆಸರು ಉಬ್ಬಿನಿಂದ ಜಾರಿ ತಗ್ಗನ್ನು ತುಂಬುತ್ತದೆ. ಬೆಳಕಿನತ್ತ ಬೆಳೆಯುವ ಅಂಟುಹಾಸು ಉಬ್ಬಿನ ನೆತ್ತಿಯ ಮೇಲೆಯೂ ಕೆಸರನ್ನು ಹಿಡಿದಿಡುವುದರಿಂದ ಅಲ್ಲಿ ಪದರ ದಪ್ಪವಾಗುತ್ತದೆ, ಮತ್ತು ಬಂಡೆಯ ಅಡ್ಡಸೀಳಿನಲ್ಲಿ ಕೈಮಸೂರವೊಂದನ್ನು ಹಿಡಿದು ನೋಡುವವರು ಮೊದಲು ಅಳೆಯುವುದು ಆ ನೆತ್ತಿಯ ದಪ್ಪವನ್ನೇ.