ಸ್ಪೀಡ್ ದಂಡದ ನೋಟಿಸ್ ಬಂದಿದೆಯಾ? ಕಟ್ಟುವ ಮುಂಚೆ ದಾಖಲೆ ಕೇಳಿ

ಅತಿವೇಗದ ನೋಟಿಸ್ ಹಿಡಿದುಕೊಂಡು ಬರುವವರ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ನಾನು ಅಷ್ಟು ಜೋರಾಗಿ ಹೋಗಿರಲೇ ಇಲ್ಲ." ಇರಬಹುದು. ಆದರೆ ಎದುರಿಗೆ ಯಂತ್ರ ಬರೆದ ಅಂಕಿ ಇದೆ. ಬರೀ ಬಾಯಿಮಾತಿಗೆ ಅದು ಅಲುಗಾಡುವುದಿಲ್ಲ. ಆ ಅಂಕಿ ಹೇಗೆ ಬಂತು ಅಂತ ನೋಡಬೇಕು. ನೋಡುವ ತನಕ ದುಡ್ಡು ಕಟ್ಟಬೇಡಿ. ಹಣ ಕಟ್ಟಿದರೆ ಬಹಳಷ್ಟು ಕಡೆ ತಪ್ಪು ಒಪ್ಪಿಕೊಂಡ ಲೆಕ್ಕ. ಆಮೇಲೆ ತಕರಾರು ತೆಗೆದರೆ ಕೇಳುವವರು ಸಿಗುವುದು ಕಷ್ಟ.

ಹಾಗಂತ ನೋಟಿಸನ್ನು ಡ್ರಾಯರ್‌ಗೆ ಹಾಕಿ ಮರೆಯುವುದು ಇನ್ನೂ ಕೆಟ್ಟದ್ದು. ಇಲ್ಲಿ ಎಲ್ಲವೂ ತಾರೀಖಿನ ಮೇಲೆ ನಿಂತಿದೆ. ಭಾರತದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿದ 167ಎ ನಿಯಮದ ಪ್ರಕಾರ, ಕ್ಯಾಮೆರಾದಲ್ಲಿ ಸಿಕ್ಕ ತಪ್ಪಿಗೆ 15 ದಿನದೊಳಗೆ ನೋಟಿಸ್ ಕಳಿಸಬೇಕು. ಇಂಗ್ಲೆಂಡಿನಲ್ಲಿ ವಾಹನದ ನೋಂದಾಯಿತ ಹೊಣೆಗಾರರಿಗೆ 14 ದಿನದೊಳಗೆ ನೋಟಿಸ್ ತಲುಪಬೇಕು. ಜರ್ಮನಿಯಲ್ಲಿ ದಂಡದ ಆದೇಶ ಕೈಸೇರಿದ ಮೇಲೆ ಆಕ್ಷೇಪಣೆಗೆ ಎರಡೇ ವಾರ. ಅವಧಿ ಇಲಾಖೆಗೂ ಇದೆ, ನಿಮಗೂ ಇದೆ. ಅದಕ್ಕೇ ನಾನು ಕಕ್ಷಿದಾರರಿಗೆ ಲಕೋಟೆ ಬಿಸಾಡಬೇಡಿ ಅನ್ನುತ್ತೇನೆ. ಒಳಗಿನ ಕಾಗದದ ತಾರೀಖು ಒಂದು, ಅಂಚೆ ಮುದ್ರೆಯದು ಇನ್ನೊಂದು ಇರುವುದುಂಟು. ಮೆಸೇಜ್‌ನಲ್ಲಿ ಬಂದಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಮುಂದಿನ ಕೆಲಸ, ಫೋಟೊ ಮತ್ತು ಮಾಪನದ ದಾಖಲೆ ಲಿಖಿತವಾಗಿ ಕೇಳುವುದು. ಬಂದ ಮೇಲೆ ನಿಧಾನವಾಗಿ ನೋಡಿ. ನಂಬರ್ ಪ್ಲೇಟ್ ನಿಜಕ್ಕೂ ನಿಮ್ಮದೇ? 8 ಮತ್ತು ಬಿ, 0 ಮತ್ತು ಡಿ ನಡುವೆ ಸಾಫ್ಟ್‌ವೇರ್ ಎಡವುತ್ತದೆ. ನಂಬರ್ ನಿಮ್ಮದೇ ಆದರೂ ಗಾಡಿಯ ಬಣ್ಣ, ಮಾಡೆಲ್ ಬೇರೆಯಾಗಿದ್ದರೆ ಯಾರೋ ನಕಲಿ ಪ್ಲೇಟ್ ಹಾಕಿಕೊಂಡಿರಬಹುದು. ಆಗ ಪೊಲೀಸ್ ದೂರು ಕೂಡ ಕೊಡಬೇಕು. ಚೌಕಟ್ಟಿನಲ್ಲಿ ಎರಡು ವಾಹನ ಅಕ್ಕಪಕ್ಕ ಇದ್ದರೆ ರಡಾರ್ ಅಳೆದದ್ದು ಯಾವುದನ್ನು ಅನ್ನುವ ಪ್ರಶ್ನೆ ಗಟ್ಟಿಯಾದದ್ದು. ರಡಾರ್ ಕಿರಣ ಹರಡಿಕೊಳ್ಳುತ್ತದೆ, ಪಕ್ಕದ ದೊಡ್ಡ ಲಾರಿಯಿಂದಲೂ ಪ್ರತಿಫಲನ ಬರುತ್ತದೆ. ಲೇಸರ್ ಕಿರಣ ಸಣ್ಣದು, ಅಲ್ಲಿ ಈ ಗೊಂದಲ ಕಡಿಮೆ.

ಕೆಲವು ಕ್ಯಾಮೆರಾಗಳು ಅರ್ಧ ಸೆಕೆಂಡಿನ ಅಂತರದಲ್ಲಿ ಎರಡು ಫೋಟೊ ತೆಗೆಯುತ್ತವೆ. ರಸ್ತೆ ಮೇಲೆ ಸಮ ಅಂತರದಲ್ಲಿ ಬಿಳಿ ಗೆರೆಗಳಿರುತ್ತವೆ. ಮೊದಲ ಫೋಟೊದಿಂದ ಎರಡನೆಯದಕ್ಕೆ ಚಕ್ರ ಎಷ್ಟು ಗೆರೆ ದಾಟಿತು ಅಂತ ಎಣಿಸಿ. 10 ಮೀಟರ್ ದಾಟಿದ್ದರೆ ವೇಗ ಗಂಟೆಗೆ 72 ಕಿ.ಮೀ. ನೋಟಿಸಿನಲ್ಲಿ 91 ಅಂತ ಇದ್ದರೆ ಎರಡರಲ್ಲಿ ಒಂದು ತಪ್ಪು, ಅಲ್ವಾ? ಇಷ್ಟು ಸ್ಪಷ್ಟವಾದ ವ್ಯತ್ಯಾಸ ಅಪರೂಪ. ಆದರೂ ಎಣಿಸುವುದಕ್ಕೆ ಖರ್ಚೇನೂ ಇಲ್ಲ.

ಯಂತ್ರದ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್, ಅಂದರೆ ಅದು ಸರಿಯಾಗಿ ಅಳೆಯುತ್ತದೆ ಅಂತ ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರ ಕೂಡ ಕೇಳಿ. ನೀವು ಸಿಕ್ಕಿಬಿದ್ದ ದಿನಕ್ಕೆ ಅದು ಚಾಲ್ತಿಯಲ್ಲಿತ್ತಾ, ಅದೇ ಯಂತ್ರದ ಸೀರಿಯಲ್ ನಂಬರ್ ಅದರಲ್ಲಿದೆಯಾ, ಅಷ್ಟು ನೋಡಿದರೆ ಸಾಕು. ಭಾರತದ ನಿಯಮದಲ್ಲಿ ಯಂತ್ರದ ಅನುಮೋದನೆ ಪ್ರಮಾಣಪತ್ರವನ್ನು ವರ್ಷ ವರ್ಷ ನವೀಕರಿಸಬೇಕು, ಕ್ಯಾಮೆರಾ ಇದೆ ಎಂದು ಎಚ್ಚರಿಸುವ ಬೋರ್ಡ್ ಕಾಣುವಂತೆ ಇರಬೇಕು.

ಇನ್ನು ಕೋರ್ಟಿನಲ್ಲಿ ನಿಲ್ಲದ ವಾದಗಳು. "ಕ್ಯಾಮೆರಾ ಓರೆಯಾಗಿತ್ತು, ಅದಕ್ಕೇ ಜಾಸ್ತಿ ತೋರಿಸಿದೆ" ಅನ್ನುವುದು ಬಹಳ ಜನಪ್ರಿಯ. ವಾಸ್ತವ ಉಲ್ಟಾ. ಕೋನವನ್ನು ಸರಿದೂಗಿಸದ ರಡಾರ್ ಓರೆಯಿಂದ ಅಳೆದರೆ ವೇಗ ಕಡಿಮೆ ಕಾಣುತ್ತದೆ. 20 ಡಿಗ್ರಿ ಓರೆಯಲ್ಲಿ 100 ಹೋಗುವ ಕಾರು ಸುಮಾರು 94 ಅಂತ ದಾಖಲಾಗುತ್ತದೆ. ಕೋನ ಮೊದಲೇ ನಿಗದಿಯಾದ ಯಂತ್ರವನ್ನು ತಪ್ಪಾಗಿ ಕೂರಿಸಿದ್ದರೆ ಮಾತ್ರ ಮಾತು ಬೇರೆ. ಸ್ಪೀಡೋಮೀಟರ್ ವಾದಕ್ಕೂ ಎರಡು ಅಲಗು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಸ್ವಲ್ಪ ಜಾಸ್ತಿ ತೋರಿಸಬಹುದು. ಹಾಗಾಗಿ "ಮುಳ್ಳು 58ರಲ್ಲಿತ್ತು, ಅದಕ್ಕಿಂತ ಜೋರಾಗಿ ಹೋಗಿರಲು ಸಾಧ್ಯವಿಲ್ಲ" ಅನ್ನುವುದಕ್ಕೆ ಅರ್ಥವಿದೆ. ಆದರೆ ಆ ಕ್ಷಣದಲ್ಲಿ ಮುಳ್ಳು ಅಲ್ಲೇ ಇತ್ತು ಅನ್ನುವುದಕ್ಕೆ ಸಾಕ್ಷಿ ಯಾರು? ಡ್ಯಾಶ್‌ಕ್ಯಾಮ್‌ನ ಜಿಪಿಎಸ್ ದಾಖಲೆ ಇದ್ದರೆ ಕೊಡಿ, ತಿದ್ದದೆ ಮೂಲ ಫೈಲ್ ಕೊಡಿ.

ಗಾಡಿ ಓಡಿಸಿದ್ದು ನೀವಲ್ಲವಾದರೆ ಹೆಸರು ಹೇಳುವುದಕ್ಕೆ ಹಿಂಜರಿಯಬೇಡಿ. ಇಂಗ್ಲೆಂಡಿನಲ್ಲಿ ಸಾಮಾನ್ಯ ಅತಿವೇಗಕ್ಕೆ ಲೈಸೆನ್ಸ್ ಮೇಲೆ 3 ಪಾಯಿಂಟ್ (ತಪ್ಪಿನ ಅಂಕ, ಇವು ಕೂಡುತ್ತಾ ಹೋದರೆ ಲೈಸೆನ್ಸ್ ಹೋಗಬಹುದು). ಚಾಲಕ ಯಾರೆಂದು ತಿಳಿಸದಿದ್ದರೆ 6. ಸುಮ್ಮನಿದ್ದದ್ದಕ್ಕೆ ದುಪ್ಪಟ್ಟು! ಸುಳ್ಳು ಹೆಸರು ಕೊಟ್ಟರೆ ಅದು ದಂಡದಲ್ಲಿ ಮುಗಿಯುವ ವಿಷಯವೇ ಅಲ್ಲ.

ನನ್ನ ಅನುಭವದಲ್ಲಿ ಕೇಸು ಜಾಸ್ತಿ ಕೆಡುವುದು ಮೊದಲ ಪತ್ರದಲ್ಲೇ. "ನಾನು ವೇಗವಾಗಿ ಹೋಗಿಲ್ಲ, ಹೋಗಿದ್ದರೂ ಮಗುವಿಗೆ ಜ್ವರ ಇತ್ತು" ಅಂತ ಬರೆದುಬಿಡುತ್ತಾರೆ. ಮೊದಲರ್ಧ ತಪ್ಪನ್ನು ನಿರಾಕರಿಸುತ್ತದೆ, ಎರಡನೆಯ ಅರ್ಧ ಒಪ್ಪಿಕೊಳ್ಳುತ್ತದೆ. ಓದುವ ಅಧಿಕಾರಿ ಯಾವುದನ್ನು ನಂಬಬೇಕು? ಅಳತೆ ತಪ್ಪು ಅನ್ನುವುದಾದರೆ ಅಳತೆಯ ಬಗ್ಗೆ ಮಾತ್ರ ಬರೆಯಿರಿ. ಆಸ್ಪತ್ರೆಗೆ ಓಡಿದ್ದು ನಿಜವಾದರೆ ತಪ್ಪು ಒಪ್ಪಿ, ಆಸ್ಪತ್ರೆಯ ಚೀಟಿ ಲಗತ್ತಿಸಿ ರಿಯಾಯಿತಿ ಕೇಳಿ. ಮಿತಿಗಿಂತ ಸ್ವಲ್ಪವೇ ಮೇಲಿದ್ದು, ದಾಖಲೆಯೂ ಸರಿಯಿದ್ದರೆ ಕಟ್ಟಿಬಿಡಿ ಅಂತಲೇ ನಾನು ಹೇಳುವುದು. ವಕೀಲರ ಫೀಸು ದಂಡಕ್ಕಿಂತ ದೊಡ್ಡದಾಗುತ್ತದೆ. ಜರ್ಮನಿಯಲ್ಲಂತೂ ಆಕ್ಷೇಪಣೆ ಕೋರ್ಟಿಗೆ ಹೋದ ಮೇಲೆ ದಂಡ ಏರಲೂಬಹುದು. ಲೈಸೆನ್ಸೇ ಹೋಗುವಂತಿದ್ದರೆ, ಡ್ರೈವಿಂಗ್ ನಂಬಿ ಬದುಕುವವರಾಗಿದ್ದರೆ ಲೆಕ್ಕ ಬೇರೆ. ಆಗ ಮೊದಲ ದಿನವೇ ವಕೀಲರನ್ನು ನೋಡಿ.

ಕೆಳಗಿನ ಕೋರ್ಟಿನಲ್ಲಿ ಸೋತರೂ ಮೇಲ್ಮನವಿ ಇದೆ. ಇಂಗ್ಲೆಂಡಿನಲ್ಲಿ ಮ್ಯಾಜಿಸ್ಟ್ರೇಟ್ ತೀರ್ಪಿನ ಮೇಲೆ ಕ್ರೌನ್ ಕೋರ್ಟಿಗೆ ಹೋದರೆ ವಿಚಾರಣೆ ಮತ್ತೆ ಮೊದಲಿನಿಂದ ನಡೆಯುತ್ತದೆ. ಎಷ್ಟೋ ಕಡೆ ಹಾಗಿಲ್ಲ, ಕೆಳಗಿನ ಕೋರ್ಟ್ ಎಲ್ಲಿ ಎಡವಿತು ಅಂತ ತೋರಿಸಬೇಕು. ಹಾಗಾಗಿ ಫೋಟೊ, ಸರ್ಟಿಫಿಕೇಟ್, ಪತ್ರವ್ಯವಹಾರ ಎಲ್ಲವನ್ನೂ ಮೊದಲ ಹಂತದಲ್ಲೇ ದಾಖಲೆಗೆ ಸೇರಿಸಿ. ತೀರ್ಪಿನ ದಿನವೇ ಪ್ರತಿಗೆ ಅರ್ಜಿ ಹಾಕಿ, ಮೇಲ್ಮನವಿಗೆ ಕೊನೆಯ ದಿನ ಯಾವುದು ಅಂತ ಕೇಳಿ ಬರೆದುಕೊಳ್ಳಿ.